ದೀಪ ಹಾಕು ಎಂದರೆ ದೀಪ ಬೆಳಗಬೇಕು

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯವನ್ನು ‘ಮನೆಯ ಧ್ವನಿ ಸಹಾಯಕಗಳಿಗೆ ಕೃತಕ ಬುದ್ಧಿಮತ್ತೆ’ ಎಂದು ಅಚ್ಚು ಹಾಕಿಸಿದ್ದಾರೆ. ಆರು ಅಂಶಗಳನ್ನು ಬರೆದುಕೊಂಡು ಬಂದಿದ್ದೇನೆ. ಆದರೆ ಒಂದು ಮಾತು ಕೆಲವು ತಿಂಗಳಿಂದ ನನ್ನನ್ನು ಬಿಡದೆ ಕಾಡುತ್ತಿದೆ. ದೀಪ ಹಾಕು ಎಂದರೆ ದೀಪ ಬೆಳಗಬೇಕು. ಅದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ಸಮಯ ಸಿಕ್ಕಷ್ಟು.

ನನ್ನ ಅಮ್ಮನಿಗೆ ಪಾರ್ಕಿನ್ಸನ್ ಕಾಯಿಲೆ. ಆ ಕಾಯಿಲೆಯವರನ್ನು ನೋಡಿಕೊಂಡವರಿಗೆ ಗೊತ್ತು, ಕೈ ನಡುಗುವುದೊಂದೇ ಅದರ ಕಾಟವಲ್ಲ. ದನಿ ಕುಗ್ಗುತ್ತದೆ, ಮಾತು ಮಧ್ಯದಲ್ಲಿ ನಿಂತುಬಿಡುತ್ತದೆ. ಸ್ವಿಚ್ಚಿಗೆ ಬೆರಳು ಕೂರುವುದಿಲ್ಲವೆಂದು ಹಾಸಿಗೆಯ ಪಕ್ಕದ ಮೇಜಿನ ಮೇಲೆ ಒಂದು ಹಳೆಯ ಮೊಬೈಲನ್ನು ಸದಾ ಚಾರ್ಜಿಗೆ ಹಾಕಿಟ್ಟು, ಬಾಯಿಮಾತಿಗೆ ದೀಪ ಹೊತ್ತುವಂತೆ ಜೋಡಿಸಿಕೊಟ್ಟಿದ್ದೆ. ಆಗಿನ ಸಹಾಯಕಕ್ಕೆ ‘ಬಚ್ಚಲಮನೆ ದೀಪ ಹಾಕು’ ಎಂದು ಒಂದೇ ಉಸಿರಿನಲ್ಲಿ ಹೇಳಬೇಕಿತ್ತು. ‘ಬಚ್ಚಲಮನೆ’ ಎಂದು ಅಮ್ಮ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅದು ಕಿವಿ ಮುಚ್ಚಿಕೊಂಡು ‘ಅರ್ಥವಾಗಲಿಲ್ಲ’ ಎನ್ನುತ್ತಿತ್ತು. ಸಂಜೆ ಹೊತ್ತು ಅಮ್ಮ ಆ ಮೂರು ಪದಗಳನ್ನು ಮಗ್ಗಿ ಹೇಳುವ ಹುಡುಗಿಯ ಹಾಗೆ ಅಭ್ಯಾಸ ಮಾಡುತ್ತಿದ್ದಳು. ನಾನು ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದೆ.

ಆಮೇಲೆ ಹೊಸ ಆವೃತ್ತಿ ಬಂತು. ಮೊದಲ ಸಂಜೆಯೇ ಅಮ್ಮ, ‘ಕತ್ತಲೆ... ಕತ್ತಲೆ ಆಯಿತಲ್ಲ’ ಎಂದಳು. ದೀಪ ಹೊತ್ತಿತು! ಅಮ್ಮ ಮೊಬೈಲಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ‘ಇದಕ್ಕೆ ಈಗ ಬುದ್ಧಿ ಬಂದಿದೆ, ನೋಡು’ ಎಂದಳು. ಆ ಮುಖವನ್ನು ನಾನು ಮರೆಯಲಾರೆ. ಹೊಸ ತಂತ್ರಜ್ಞಾನ ಬೇಡವೆನ್ನಲು ಇವನು ಬಂದಿದ್ದಾನೆ ಎಂದು ಯಾರೂ ದಯವಿಟ್ಟು ತಿಳಿಯಬೇಡಿ. ತಡವರಿಸುವ ಮಾತನ್ನು ಕಾದು ಕೇಳಿಸಿಕೊಳ್ಳುವ ಯಂತ್ರ ಎಂಥ ದೊಡ್ಡ ಕೊಡುಗೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೆಲವು ವಾರಗಳ ನಂತರ ಒಂದು ರಾತ್ರಿ, ಎರಡೂವರೆ ಗಂಟೆ ಇರಬಹುದು, ಅಮ್ಮನಿಗೆ ಬಚ್ಚಲಿಗೆ ಹೋಗಬೇಕಾಯಿತು. ‘ಏಳು... ಏಳಬೇಕು, ದೀಪ’ ಎಂದಳಂತೆ. ಕನ್ನಡದ ‘ಏಳು’ ಎಂಬ ಪದದಲ್ಲಿ ಎದ್ದೇಳುವುದೂ ಇದೆ, ಆರರ ನಂತರದ ಸಂಖ್ಯೆಯೂ ಇದೆ. ಸಹಾಯಕ ಬಹಳ ಮಧುರವಾದ ದನಿಯಲ್ಲಿ, ‘ಬೆಳಿಗ್ಗೆ ಏಳು ಗಂಟೆಗೆ ಅಲಾರಂ ಇಟ್ಟಿದ್ದೇನೆ. ಆಗ ದೀಪವನ್ನೂ ಹಾಕಲೇ?’ ಎಂದು ಕೇಳಿತು. ಅಮ್ಮನಿಗೆ ಗಾಬರಿಯಾಯಿತು, ಗಾಬರಿಗೆ ದನಿ ಇನ್ನಷ್ಟು ಇಳಿಯಿತು. ಎರಡನೆಯ ಸಲ ಅವಳ ಬಾಯಿಂದ ಏನು ಹೊರಟಿತೋ, ಅದಕ್ಕೆ ಏನು ಕೇಳಿಸಿತೋ, ಒಳ್ಳೆಯ ನಿದ್ರೆಗೆ ಏನು ಮಾಡಬೇಕೆಂದು ವಿವರಿಸತೊಡಗಿತು. ಮಂಚದ ಅಂಚು ಹಿಡಿದುಕೊಂಡು ಅಮ್ಮ ಆ ಕತ್ತಲೆಯಲ್ಲಿ ನಿಂತೇ ಇದ್ದಳು. ನನ್ನನ್ನು ಕೂಗಲಿಲ್ಲ, ನಿದ್ದೆ ಕೆಡುತ್ತದೆ ಎಂದು. ಬೀಳಲಿಲ್ಲ, ಪುಣ್ಯ. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಅಲಾರಂ ಹೊಡೆದುಕೊಂಡಾಗಲೇ ನನಗೆ ವಿಷಯ ಗೊತ್ತಾದದ್ದು.

ಇದು ಏಕೆ ಹೀಗಾಯಿತು? ಹಳೆಯ ಸಹಾಯಕಗಳ ಒಳಗೆ ನಡೆಯುತ್ತಿದ್ದ ಕೆಲಸ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವಂಥದ್ದು. ಸಹಾಯಕವನ್ನು ಎಚ್ಚರಿಸುವ ಪದ ಕಿವಿಗೆ ಬಿದ್ದೊಡನೆ ದನಿಯನ್ನು ಅಕ್ಷರಕ್ಕೆ ಇಳಿಸುವುದು, ಅಕ್ಷರವನ್ನು ಖಾನೆಗೆ ಹಾಕುವುದು. ಕೆಲಸ ಯಾವುದು, ಹಾಕುವುದು. ವಸ್ತು ಯಾವುದು, ದೀಪ. ಜಾಗ ಯಾವುದು, ಬಚ್ಚಲು. ಖಾನೆ ತುಂಬಿದರೆ ಕೆಲಸವಾಗುತ್ತದೆ, ತುಂಬದಿದ್ದರೆ ಇಲ್ಲ. 2011ರಲ್ಲಿ ಆಪಲ್ ಕಂಪನಿಯ ಸಿರಿ, 2014ರಲ್ಲಿ ಅಮೆಜಾನ್ ಕಂಪನಿಯ ಎಕೋ ಸ್ಪೀಕರಿನೊಡನೆ ಅಲೆಕ್ಸಾ, 2016ರಲ್ಲಿ ಗೂಗಲ್ ಅಸಿಸ್ಟೆಂಟ್ ಬಂದಾಗ ಹೆಚ್ಚುಕಡಿಮೆ ದಾರಿ ಇದೇ. ಇನ್ನೂ ಹಿಂದಕ್ಕೆ ಹೋದರೆ 1962ರಲ್ಲಿ ಐಬಿಎಂ ‘ಶೂಬಾಕ್ಸ್’ ಎಂಬ ಯಂತ್ರವನ್ನು ತೋರಿಸಿತ್ತು. ಅದಕ್ಕೆ ಗೊತ್ತಿದ್ದದ್ದು 16 ಪದ, ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು ಮತ್ತು ಕೂಡು, ಕಳೆ ಎಂಬಂಥ ಆರು ಆಜ್ಞೆಗಳು. ಹದಿನಾರೇ ಪದ, ಆದರೆ ಕೂಡು ಎಂದರೆ ಕೂಡುವುದೇ. ಅಲ್ಲಿ ಬೇರೆ ಅರ್ಥಕ್ಕೆ ಜಾಗವಿರಲಿಲ್ಲ.

2025ರ ಫೆಬ್ರವರಿಯಲ್ಲಿ ಅಮೆಜಾನ್ ಅಲೆಕ್ಸಾ ಪ್ಲಸ್ ಅನ್ನು ಪ್ರಕಟಿಸಿತು. ಅದೇ ವರ್ಷ ಗೂಗಲ್ ಮನೆಯ ಸ್ಪೀಕರುಗಳಿಗೆ ಜೆಮಿನಿ ಎಂಬ ತನ್ನ ಹೊಸ ಸಹಾಯಕವನ್ನು ತರತೊಡಗಿತು. ಈಗ ಒಳಗೆ ಕೂತಿರುವುದು ದೊಡ್ಡ ಭಾಷಾ ಮಾದರಿ. ಅದು ಖಾನೆ ನೋಡುವುದಿಲ್ಲ, ಸಂಭವನೀಯತೆಯ ಲೆಕ್ಕದಲ್ಲಿ ಮುಂದಿನ ಪದವನ್ನು ಆರಿಸುತ್ತ ಹೋಗುತ್ತದೆ. ದೀಪ ಹಾಕಬೇಕಾದಾಗಲೂ ಹಾಗೆಯೇ ಪದ ಪೋಣಿಸಿ ಒಂದು ಆಜ್ಞೆಯನ್ನು ಬರೆದು ದೀಪಕ್ಕೆ ಕಳಿಸುತ್ತದೆ. ‘ಕತ್ತಲೆ ಆಯಿತಲ್ಲ’ ಎಂಬುದು ಅದಕ್ಕೆ ತಿಳಿದದ್ದು ಈ ಊಹೆಯ ಬಲದಿಂದ. ಏಳು ಗಂಟೆಗೆ ಅಲಾರಂ ಇಟ್ಟದ್ದೂ ಇದೇ ಊಹೆಯಿಂದ. ಅದೇ ಮಾತಿಗೆ ಇವತ್ತೊಂದು, ನಾಳೆಯೊಂದು ಉತ್ತರ ಬರಬಹುದು. ಹರಟೆಗೆ ಅದು ಚೆಂದ. ಆದರೆ ಬಾಗಿಲ ಚಿಲಕ, ಗೀಸರ್, ರಾತ್ರಿಯ ದೀಪ ಇವುಗಳಿಗೆ ಅಲ್ಲ. ಮತ್ತೆ ಹೇಳುತ್ತೇನೆ, ದೀಪ ಹಾಕು ಎಂದರೆ ದೀಪ ಬೆಳಗಬೇಕು. ಬಹುತೇಕ ಬೆಳಗುತ್ತದೆ ಎಂಬುದು ಸಾಲದು.

ಹಾಗಾದರೆ ದಾರಿ ಯಾವುದು? ಎರಡನ್ನೂ ಇಟ್ಟುಕೊಳ್ಳುವುದು, ಆದರೆ ಸರಿಯಾದ ಸಾಲಿನಲ್ಲಿ. ಖಾನೆಗೆ ಹೊಂದುವ ಸ್ಪಷ್ಟ ಆಜ್ಞೆ ಮೊದಲು ಹಳೆಯ ದಾರಿಯಲ್ಲೇ ಹೋಗಲಿ. ಹೊಂದದೆ ಉಳಿದ ಮಾತು ಮಾತ್ರ ಭಾಷಾ ಮಾದರಿಯ ಮುಂದೆ ಬರಲಿ. ಇದು ಬರಿಯ ಆಸೆಯಲ್ಲ. ಮನೆಯ ಸಾಧನಗಳನ್ನು ನಡೆಸುವ ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶ 2024ರ ಡಿಸೆಂಬರ್ ಆವೃತ್ತಿಯಲ್ಲಿ ಇಂಥದೇ ಆಯ್ಕೆಯನ್ನು ಕೊಟ್ಟಿತು. ಮನೆಯೊಳಗೇ ತೀರುವ ಆಜ್ಞೆ ಮನೆಯೊಳಗೇ ತೀರುತ್ತದೆ, ತೀರದ್ದು ಮಾತ್ರ ಮಾದರಿಗೆ ಹೋಗುತ್ತದೆ. ಅಮ್ಮನ ಆ ರಾತ್ರಿಯ ಮಾತು ಯಾವ ಖಾನೆಗೂ ಹೊಂದುತ್ತಿರಲಿಲ್ಲ, ನಿಜ. ಅಂಥ ಸಮಯಕ್ಕೆ ಇನ್ನೊಂದು ನಿಯಮ ಬೇಕು. ನಡುರಾತ್ರಿಯ ಮಾತಿನಲ್ಲಿ ‘ದೀಪ’ ಎಂಬ ಪದವಿದ್ದರೆ ಮೊದಲು ದೀಪ ಹಾಕು, ಆಮೇಲೆ ಪ್ರಶ್ನೆ ಕೇಳು. ದೀಪ ಸುಮ್ಮನೆ ಹೊತ್ತಿದರೆ ಏನು ಹೋಯಿತು? ಹೊತ್ತದಿದ್ದರೆ ಸೊಂಟದ ಮೂಳೆ ಮುರಿಯಬಹುದು. ಯಾವ ತಪ್ಪಿಗೆ ಬೆಲೆ ಹೆಚ್ಚು ಎಂಬುದು ಭಾಷಾ ಮಾದರಿಗೆ ತಾನಾಗಿ ತಿಳಿಯುವುದಿಲ್ಲ. ಅದನ್ನು ತಯಾರಿಸುವವರು ಕೂತು ಯೋಚಿಸಿ ಬರೆದಿಡಬೇಕು.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದರಲ್ಲಿ ಒಂದನ್ನಂತೂ ಬಿಡಲಾರೆ. 2025ರ ಆಗಸ್ಟಿನಲ್ಲಿ ಇಸ್ರೇಲಿನ ಸಂಶೋಧಕರು ಟೆಲ್ ಅವೀವ್‌ನ ಒಂದು ಮನೆಯಲ್ಲಿ ಮಾಡಿದ ಪ್ರಯೋಗವನ್ನು ಬಹಿರಂಗಪಡಿಸಿದರು. ಗೂಗಲ್ ಕ್ಯಾಲೆಂಡರಿನ ಆಹ್ವಾನವೊಂದರಲ್ಲಿ ಅವರು ಗುಟ್ಟಾಗಿ ಸೂಚನೆಗಳನ್ನು ಬರೆದಿಟ್ಟಿದ್ದರು. ಬಳಕೆದಾರ ಜೆಮಿನಿಯನ್ನು ‘ಈ ವಾರ ಏನೇನಿದೆ’ ಎಂದು ಕೇಳುತ್ತಾನೆ. ಅದು ಓದಿ ಹೇಳುತ್ತದೆ. ಅವನು ಸಹಜವಾಗಿ ‘ಥ್ಯಾಂಕ್ಸ್’ ಎನ್ನುತ್ತಾನೆ. ಆ ಪದಕ್ಕಾಗಿಯೇ ಕಾದಿದ್ದಂತೆ ಮನೆಯ ದೀಪಗಳು ಆರುತ್ತವೆ, ಕಿಟಕಿಯ ಮರೆಗಳು ಮೇಲೇಳುತ್ತವೆ, ನೀರು ಕಾಯಿಸುವ ಬಾಯ್ಲರ್ ಹೊತ್ತಿಕೊಳ್ಳುತ್ತದೆ. ಸಂಶೋಧಕರು ಮೊದಲೇ ತಿಳಿಸಿದ್ದರಿಂದ ಗೂಗಲ್ ರಕ್ಷಣೆಗಳನ್ನು ಸೇರಿಸಿತು, ಅದು ಒಳ್ಳೆಯದೇ. ಆದರೆ ಓದುವ ಮಾತಿಗೂ ಪಾಲಿಸುವ ಮಾತಿಗೂ ನಡುವೆ ಗಟ್ಟಿ ಗೋಡೆ ಇಲ್ಲದಿರುವುದು ಈ ಮಾದರಿಗಳ ಸ್ವಭಾವದಲ್ಲೇ ಇದೆ. ಮನೆಯ ಯಜಮಾನ ಹೇಳಿದ್ದು ಯಾವುದು, ಯಾರೋ ಬರೆದು ಕಳಿಸಿದ್ದು ಯಾವುದು, ಎರಡೂ ಅದಕ್ಕೆ ಒಂದೇ ಅಕ್ಷರಮಾಲೆ.

ನಮ್ಮ ದನಿ ಎಲ್ಲಿಗೆ ಹೋಗುತ್ತದೆ ಎಂಬುದು ನನ್ನ ಐದನೆಯ ಅಂಶವಾಗಿತ್ತು. ಧ್ವನಿಮುದ್ರಣವನ್ನು ಕಂಪನಿಯ ದೂರದ ಕಂಪ್ಯೂಟರಿಗೆ, ಅಂದರೆ ಸರ್ವರಿಗೆ, ಕಳಿಸದಿರುವ ಆಯ್ಕೆ ಕೆಲವು ಎಕೋ ಸಾಧನಗಳಲ್ಲಿತ್ತು, 2025ರ ಮಾರ್ಚ್ 28ರಂದು ಅಮೆಜಾನ್ ಅದನ್ನು ನಿಲ್ಲಿಸಿತು. ಇಷ್ಟು ಹೇಳಿ ಮುಂದೆ ಹೋಗುತ್ತೇನೆ. ಆರನೆಯದು, ಕಂಪನಿ ಮುಳುಗಿದರೆ ಮನೆಯ ಗತಿ ಏನು? 2022ರ ಏಪ್ರಿಲಿನಲ್ಲಿ ಇನ್‌ಸ್ಟಿಯಾನ್ ಎಂಬ, ಮನೆಯ ದೀಪ, ಸ್ವಿಚ್ಚುಗಳನ್ನು ನಡೆಸುವ ಸಾಧನ ಮಾರುತ್ತಿದ್ದ ಕಂಪನಿಯ ಸರ್ವರುಗಳು ಮುನ್ಸೂಚನೆಯಿಲ್ಲದೆ ನಿಂತವು. ನೂರಾರು ಮೈಲಿ ದೂರದ ಕೋಣೆಯಲ್ಲಿ ಯಾರೋ ಯಂತ್ರ ಆರಿಸಿದ್ದಕ್ಕೆ ಬಳಕೆದಾರರ ಮಲಗುವ ಮನೆಯ ದೀಪ ಮಾತು ಕೇಳದಂತಾಯಿತು.

ಆದ್ದರಿಂದ ಮನೆಗೆ ಹೋಗಿ ಇವತ್ತೇ ಒಂದು ಪರೀಕ್ಷೆ ಮಾಡಿ. ಮನೆಗೆ ಇಂಟರ್ನೆಟ್ ಕೊಡುವ ರೂಟರಿನ ವೈರ್ ಕೀಳಿ. ಕತ್ತಲೆ ಕೋಣೆಯಲ್ಲಿ ನಿಂತು ದೀಪ ಹಾಕು ಎನ್ನಿ. ನಾನು ಈ ಪರೀಕ್ಷೆ ಮಾಡಿದಾಗ ನಮ್ಮ ಮನೆ ಕತ್ತಲಾಗಿಯೇ ಇತ್ತು. ಮರುದಿನವೇ ಅಮ್ಮನ ಮಂಚದ ಪಕ್ಕ ಅಂಗೈಯಷ್ಟು ಅಗಲದ ಒಂದು ಗುಂಡಿ ಹಾಕಿಸಿದೆ. ಇಂಟರ್ನೆಟ್ ಬೇಡ, ಮಾತು ಬೇಡ, ನಡುಗುವ ಕೈಯನ್ನು ಅದರ ಮೇಲೆ ಇಳಿಬಿಟ್ಟರೆ ಸಾಕು. ಸಂಜೆ ಹೊತ್ತು ಅಮ್ಮ ಈಗಲೂ ಆ ಮೊಬೈಲಿನೊಡನೆ ಮಾತನಾಡುತ್ತಾಳೆ, ಅದು ಕಾದು ಕೇಳಿಸಿಕೊಳ್ಳುತ್ತದೆ. ರಾತ್ರಿಗೆ ಗುಂಡಿ.

ಮುಂದಿನ ಸಾಲಿನಲ್ಲಿ ಆಗಿನಿಂದ ಕೈ ಎತ್ತಿ ಕೂತಿರುವ ಮಹಿಳೆ ಮೊದಲು ಪ್ರಶ್ನೆ ಕೇಳಲಿ.