ಬದುಕಿದ ಮೀನಿಗೇ ಪೂರ್ತಿ ತೂಕ

ಕೇಳುಗರೆಲ್ಲರಿಗೂ ನಮಸ್ಕಾರ.

ಗಾಳ ಹಾಕುವುದನ್ನು ನಮ್ಮ ಕಡೆ ಎರಡೇ ಬಗೆಯಲ್ಲಿ ನೋಡುತ್ತಾರೆ. ಒಂದು ಹೊಟ್ಟೆಪಾಡು, ಇನ್ನೊಂದು ಹೊತ್ತು ಕಳೆಯುವ ಕೆಲಸ. ಮೂರನೆಯದೂ ಒಂದಿದೆ. ಅದು ಪಂದ್ಯ. ನಿಯಮ, ಸಮಯ, ತೀರ್ಪು ಎಲ್ಲ ಇರುವ ಪಂದ್ಯ. ಅಮೆರಿಕದಲ್ಲಿ ಬಾಸ್ ಎಂಬ ಸಿಹಿನೀರಿನ ಮೀನಿಗಾಗಿ ಇದು ನಡೆಯುತ್ತದೆ. ವಾರವಿಡೀ ಗ್ಯಾರೇಜಿನಲ್ಲೋ ಶಾಲೆಯಲ್ಲೋ ದುಡಿಯುವ ಜನ ರಜೆಯ ದಿನ ಕೆರೆಗೆ ಬಂದು ಆಡುತ್ತಾರೆ. ಇವತ್ತು ಅದರ ಬಗ್ಗೆ ಮಾತಾಡುತ್ತೇನೆ. ಕಲಬುರಗಿ, ಬೀದರ್, ಯಾದಗಿರಿಯ ನೀರಿನಲ್ಲೂ ಇಂಥದ್ದೊಂದು ಪಂದ್ಯ ನಡೆಯಬೇಕು ಎನ್ನುವುದು ನನ್ನ ಬಹಳ ದಿನದ ಆಸೆ. ಅದಕ್ಕೆ ಒಂದೇ ಷರತ್ತು. ಹಿಡಿದ ಮೀನು ಜೀವಂತವಾಗಿ ನೀರಿಗೆ ಮರಳಬೇಕು.

ಮೊದಲು ಆ ಮೀನಿನ ವಿಷಯ. ಬಾಸ್ ದೊಡ್ಡ ಬಾಯಿಯ ಬೇಟೆಗಾರ. ಊರೆಲ್ಲ ತಿರುಗಿ ತಿನ್ನುವ ಜಾತಿಯಲ್ಲ. ಮುಳುಗಿದ ಮರದ ಬುಡದಲ್ಲೋ, ಜೊಂಡಿನ ಅಂಚಿನಲ್ಲೋ, ಕಲ್ಲಿನ ನೆರಳಲ್ಲೋ ಅಡಗಿ ಕೂರುತ್ತದೆ. ಹತ್ತಿರ ಏನಾದರೂ ಸುಳಿದರೆ ಒಮ್ಮೆಲೇ ನುಗ್ಗುತ್ತದೆ. ಹೀಗಾಗಿ ಇದನ್ನು ಹಿಡಿಯಲು ಸುಮ್ನೆ ಗಾಳ ಬಿಟ್ಟು ಕೂತರೆ ಸಾಲದು. ನೀರನ್ನು ಓದಬೇಕು. ಗಾಳಿ ಯಾವ ಕಡೆ, ಬಿಸಿಲು ಎಷ್ಟು, ಸಣ್ಣ ಮೀನು ಎಲ್ಲಿ ಸೇರಿದೆ, ನೀರು ಕಲಕಿದೆಯೋ ತಿಳಿಯಾಗಿದೆಯೋ, ಎಲ್ಲ ನೋಡಿ ಜಾಗ ಆರಿಸಬೇಕು. ಅದೃಷ್ಟ ಇಲ್ಲ ಅಂತಲ್ಲ. ಆದರೆ ವರ್ಷವಿಡೀ ಆಡಿದರೆ ನೀರು ಬಲ್ಲವರೇ ಮತ್ತೆ ಮತ್ತೆ ಮೇಲೆ ಬರುತ್ತಾರೆ.

ಇದನ್ನು ಪಂದ್ಯವಾಗಿ ಕಟ್ಟಿ ನಿಲ್ಲಿಸಿದವರು ರೇ ಸ್ಕಾಟ್. ಅಲಬಾಮಾ ರಾಜ್ಯದ ಮಾಂಟ್ಗೊಮೆರಿಯ ವಿಮೆ ಮಾರಾಟಗಾರ. 1967ರಲ್ಲಿ ಅರ್ಕಾನ್ಸಾ ರಾಜ್ಯದ ಬೀವರ್ ಲೇಕ್ ಎಂಬ ಜಲಾಶಯದಲ್ಲಿ ಅವರು ಮೊದಲ ಪಂದ್ಯ ಇಟ್ಟರು. ತಲಾ 100 ಡಾಲರ್ ಕಟ್ಟಿ 106 ಜನ ಬಂದರು. ಆ ಕಾಲಕ್ಕೆ ಅದು ಸಣ್ಣ ದುಡ್ಡಲ್ಲ. ಮರುವರ್ಷವೇ ಅವರು ಬಾಸ್ ಹಿಡಿಯುವವರ ಸಂಘ ಕಟ್ಟಿದರು. ಊರೂರಿನ ಕ್ಲಬ್ಬುಗಳು ಅದಕ್ಕೆ ಸೇರಿಕೊಂಡವು. 1971ರಲ್ಲಿ ನೆವಾಡಾದ ಲೇಕ್ ಮೀಡ್ ಜಲಾಶಯದಲ್ಲಿ ಮೊದಲ ಬಾಸ್‌ಮಾಸ್ಟರ್ ಕ್ಲಾಸಿಕ್ ಎಂಬ ಪಂದ್ಯ ನಡೆಯಿತು. ಇವತ್ತಿಗೂ ಆ ಆಟದಲ್ಲಿ ಎಲ್ಲಕ್ಕಿಂತ ದೊಡ್ಡ ಹೆಸರು ಅದೇ.

ಪಂದ್ಯದ ದಿನ ಹೇಗಿರುತ್ತದೆ? ಬೆಳಕು ಹರಿಯುವ ಹೊತ್ತಿಗೆ ದೋಣಿಗಳು ಸರದಿಯಂತೆ ಹೊರಡುತ್ತವೆ. ಸಂಜೆ ಇಂತಿಷ್ಟು ಗಂಟೆಗೆ ವಾಪಸ್ ಬರಬೇಕು. ದೊಡ್ಡ ಪಂದ್ಯಗಳಲ್ಲಿ ತಡವಾದರೆ ನಿಮಿಷಕ್ಕೆ 1 ಪೌಂಡ್ ಕಡಿತ. ಅಂದರೆ ಸುಮಾರು 450 ಗ್ರಾಂ ತೂಕ ಹೋಯಿತು. ತೂಕಕ್ಕೆ ತರಬಹುದಾದದ್ದು ಸಾಮಾನ್ಯವಾಗಿ 5 ಮೀನು ಮಾತ್ರ. ಐದು ಸಿಕ್ಕ ಮೇಲೆ ಇನ್ನೂ ದೊಡ್ಡದು ಬಂದರೆ ಸಣ್ಣದನ್ನು ನೀರಿಗೆ ಬಿಟ್ಟು ದೊಡ್ಡದನ್ನು ಇಟ್ಟುಕೊಳ್ಳಬೇಕು. ಇಂತಿಷ್ಟು ಇಂಚಿಗಿಂತ ಚಿಕ್ಕ ಮೀನು ಲೆಕ್ಕಕ್ಕೇ ಇಲ್ಲ. ಎರೆಹುಳ, ಜೀವಂತ ಮೀನು ಸಿಗಿಸುವ ಹಾಗಿಲ್ಲ. ಮರ, ಪ್ಲಾಸ್ಟಿಕ್, ರಬ್ಬರಿನಲ್ಲಿ ಮಾಡಿದ ಹುಸಿ ಎರೆಯನ್ನೇ ಬಳಸಬೇಕು. ಇದಕ್ಕೆ ಲೂರ್ ಅಂತಾರೆ.

ಹವ್ಯಾಸಿಗಳಿಗೆ ಇಲ್ಲಿ ಎರಡು ದಾರಿ. ಒಂದು, ಊರಿನ ಕ್ಲಬ್ಬಿನಲ್ಲಿ ಆಡಿ ಗೆದ್ದು ಹಂತ ಹಂತವಾಗಿ ಮೇಲೆ ಹೋಗುವುದು. ಇನ್ನೊಂದು, ಪಳಗಿದ ಆಟಗಾರನ ದೋಣಿಯ ಹಿಂಭಾಗದಲ್ಲಿ ನಿಂತು ಆಡುವುದು. ಮುಂದಿನವನು ದೋಣಿ ನಡೆಸುತ್ತಾನೆ, ಜಾಗ ಆರಿಸುತ್ತಾನೆ. ಹಿಂದಿನವನಿಗೆ ಅವನು ಬಿಟ್ಟ ನೀರೇ ಗತಿ. ಆದರೂ ಅಲ್ಲಿ ಒಂದು ದಿನ ನಿಂತು ಕಲಿಯುವುದು ಮನೆಯಲ್ಲಿ ಕೂತು ಎಷ್ಟು ಓದಿದರೂ ಸಿಗುವುದಿಲ್ಲ.

ಹವ್ಯಾಸಿಗಳ ಮಾತು ಬಂದಾಗ ಬ್ರಯಾನ್ ಕೆರ್ಚಲ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಕನೆಕ್ಟಿಕಟ್ ರಾಜ್ಯದ ಹುಡುಗ. ಹೋಟೆಲಿನಲ್ಲಿ ಅಡುಗೆ ಕೆಲಸ ಮಾಡುತ್ತಿದ್ದರು. ಕ್ಲಬ್ಬಿನ ದಾರಿಯಲ್ಲೇ ಏರಿ 1993ರಲ್ಲಿ ಕ್ಲಾಸಿಕ್ ತಲುಪಿದರು. ಅಲ್ಲಿ ಕೊನೆಯ ಸ್ಥಾನ ಬಂತು. ಮುಂದಿನ ವರ್ಷ ಮತ್ತೆ ಕ್ಲಬ್ಬಿನಿಂದಲೇ ಆಡಿ ಅಲ್ಲಿಗೆ ಬಂದರು. ನಾರ್ತ್ ಕ್ಯಾರೊಲಿನಾದ ಹೈ ರಾಕ್ ಲೇಕ್‌ನಲ್ಲಿ, ಹೆಸರಾಂತ ವೃತ್ತಿಪರರ ನಡುವೆ, ಗೆದ್ದೇಬಿಟ್ಟರು. ಕ್ಲಬ್ಬಿನ ದಾರಿಯಿಂದ ಬಂದ ಹವ್ಯಾಸಿಯೊಬ್ಬ ಆ ಪಟ್ಟ ಗೆದ್ದದ್ದು ಅದೇ ಮೊದಲು. ಆಗ ಅವರಿಗೆ 23 ವರ್ಷ. ಅದೇ ಡಿಸೆಂಬರಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅಷ್ಟು ಚಿಕ್ಕ ಬದುಕು. ಆದರೂ ಕೊನೆಯವನಾಗಿ ಮನೆಗೆ ಹೋದವನು ಮರುವರ್ಷ ಅದೇ ಬಾಗಿಲಿನಿಂದ ಮತ್ತೆ ಬಂದನಲ್ಲ, ಅದು ನನಗೆ ಗೆದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೊದಮೊದಲ ಪಂದ್ಯಗಳಲ್ಲಿ ಹಿಡಿದ ಮೀನೆಲ್ಲ ಸಾಯುತ್ತಿತ್ತು. ತೂಕದ ಹೊತ್ತಿಗೆ ಸತ್ತ ಮೀನಿನ ಸಾಲು. ನೋಡಿದ ಊರಿನವರಿಗೆ ಸಿಟ್ಟು ಬರದೆ ಇರುತ್ತದೆಯೇ? ರೇ ಸ್ಕಾಟ್ 1972ರಲ್ಲಿ ಹೊಸ ನಿಯಮ ತಂದರು. ಹಿಡಿದದ್ದನ್ನು ಕೊಲ್ಲಬೇಡಿ, ತೂಗಿ ನೀರಿಗೆ ಬಿಡಿ. ಅದಕ್ಕಾಗಿ ದೋಣಿಯೊಳಗೆ ನೀರಿನ ತೊಟ್ಟಿ ಬಂತು. ಪಂಪು ಹೊಸ ನೀರು ಎಳೆದು ಗಾಳಿ ಬೆರೆಸುತ್ತದೆ. ತೂಕಕ್ಕೆ ಬಂದ ಮೀನು ಸತ್ತಿದ್ದರೆ ಒಂದೊಂದಕ್ಕೂ ತೂಕ ಕಡಿತ. ಬಹಳ ಕಡೆ ಅದು 4 ಔನ್ಸ್, ಹೆಚ್ಚುಕಡಿಮೆ 113 ಗ್ರಾಂ. ಕೇಳಲು ಸಣ್ಣದು ಅನ್ನಿಸಬಹುದು. ಆದರೆ ಈ ಆಟದಲ್ಲಿ ಗೆಲುವು ಸೋಲು ಎಷ್ಟೋ ಸಲ ಅಷ್ಟರಲ್ಲೇ ತೀರ್ಮಾನವಾಗುತ್ತದೆ. ಸಾವಿಗೆ ದಂಡ ಹಾಕಿದ ದಿನದಿಂದ ಆಟಗಾರನ ಗಮನವೇ ಬದಲಾಯಿತು. ಹಿಡಿಯುವುದು ಅರ್ಧ ಕೆಲಸ, ಉಳಿಸಿಕೊಳ್ಳುವುದು ಇನ್ನರ್ಧ.

ಅದಕ್ಕೂ ಮುಂಚಿನ ಕಾಲ ಹೇಗಿತ್ತು ಅನ್ನೋದಕ್ಕೆ ಒಂದು ಮಾತು. 1932ರಲ್ಲಿ ಜಾರ್ಜಿಯಾ ರಾಜ್ಯದ ಜಾರ್ಜ್ ಪೆರಿ ಎಂಬ ಯುವಕ 22 ಪೌಂಡ್ 4 ಔನ್ಸ್ ತೂಕದ ಬಾಸ್ ಹಿಡಿದ. 10 ಕಿಲೋ ದಾಟಿದ ಮೀನು, ವಿಶ್ವದಾಖಲೆ. ಬಡತನದ ದಿನಗಳು, ಮನೆಯವರು ಬೇಯಿಸಿ ತಿಂದರು. ಅದರಲ್ಲಿ ತಪ್ಪೇನೂ ಇಲ್ಲ. ಹಸಿದವನು ಮೀನು ತಿನ್ನಬೇಕು. ಆ ದಾಖಲೆಯನ್ನು 2009ರಲ್ಲಿ ಮನಾಬು ಕುರಿತಾ ಎನ್ನುವವರು ಜಪಾನಿನ ಬಿವಾ ಸರೋವರದಲ್ಲಿ ಸರಿಗಟ್ಟಿದರು.

ಜಪಾನಿಗೆ ಬಾಸ್ ಹೇಗೆ ಹೋಯಿತು? 1925ರಲ್ಲಿ ಅಮೆರಿಕದಿಂದ ತಂದು ಬಿಟ್ಟರು. ಅದು ಹರಡಿ ಅಲ್ಲಿನ ನಾಡ ಮೀನುಗಳನ್ನು ತಿಂದುಹಾಕಿತು. ಈಗ ಅಲ್ಲಿ ಜೀವಂತ ಬಾಸ್ ಸಾಗಿಸುವುದಕ್ಕೇ ಕಾನೂನಿನ ನಿಷೇಧವಿದೆ. ಆದ್ದರಿಂದ ಉತ್ಸಾಹಿ ಯುವಕರಿಗೆ ನನ್ನದೊಂದು ಗಟ್ಟಿ ಮಾತು. ಬಾಸ್ ಮರಿ ತಂದು ನಮ್ಮ ಬೆಣ್ಣೆತೊರೆ ಜಲಾಶಯಕ್ಕೋ ಕಾರಂಜ ಜಲಾಶಯಕ್ಕೋ ಬಿಡುವ ಯೋಚನೆ ಬಂದರೆ ಅದನ್ನು ಅಲ್ಲೇ ಬಿಟ್ಟುಬಿಡಿ. ಪಂದ್ಯದ ರೀತಿ ತರೋಣ, ಮೀನು ಬೇಡ.

ಮೀನು ನಮ್ಮಲ್ಲೇ ಇದೆ. ಕೊರಮೀನು. ಕೆಲವರು ಮುರೆಲ್ ಅಂತಾರೆ. ಹಾವಿನ ತಲೆಯಂಥ ತಲೆ, ಬಾಯ ತುಂಬ ಹಲ್ಲು. ಬಾಸ್ ಮೀನಿಗೂ ಇದಕ್ಕೂ ನೆಂಟಸ್ತನವಿಲ್ಲ, ಆದರೆ ಸ್ವಭಾವ ಒಂದೇ. ಜೊಂಡಿನ ಮರೆಯಲ್ಲಿ ಕಾಯುತ್ತದೆ, ಒಮ್ಮೆಲೇ ನುಗ್ಗುತ್ತದೆ. ಬಾಸ್ ಹಿಡಿಯಲು ಮಾಡಿದ ರಬ್ಬರ್ ಕಪ್ಪೆಗೆ ಇದೂ ಬೀಳುತ್ತದೆ. ಆ ಕಪ್ಪೆಯ ಎರಡು ಗಾಳ ಮೈಗೆ ಅಂಟಿಕೊಂಡಿರುವುದರಿಂದ ಕಳೆಯ ಮೇಲೆ ಎಳೆದರೂ ಸಿಕ್ಕಿಕೊಳ್ಳುವುದಿಲ್ಲ. ಎಸೆಯಿರಿ, ತುಸು ಎಳೆಯಿರಿ, ನಿಲ್ಲಿಸಿ, ಮತ್ತೆ ಎಳೆಯಿರಿ. ನೀರು ಸಿಡಿದ ಕೂಡಲೇ ಕೋಲು ಎತ್ತಬಾರದು. ದಾರದಲ್ಲಿ ಭಾರ ತಿಳಿಯುವವರೆಗೆ ತಾಳಬೇಕು. ಆ ಒಂದು ಕ್ಷಣದ ತಾಳ್ಮೆಯೇ ಇಡೀ ಆಟ.

ಕೊರಮೀನಿಗೆ ಇನ್ನೊಂದು ಗುಣವಿದೆ. ಅದು ನೀರಿನ ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತದೆ. ಮೈ ಒದ್ದೆಯಿದ್ದರೆ ಹೊರಗೂ ಸ್ವಲ್ಪ ಹೊತ್ತು ತಡೆಯುತ್ತದೆ. ಅಳೆದು ಬಿಡುವ ಪಂದ್ಯಕ್ಕೆ ಇದಕ್ಕಿಂತ ಒಳ್ಳೆಯ ಮೀನು ಸಿಗುವುದು ಕಷ್ಟ. ರೋಹು, ಕಾಟ್ಲಾ ಹಾಗಲ್ಲ, ಅವುಗಳ ಬಗ್ಗೆ ಜಾಸ್ತಿ ಎಚ್ಚರ ಬೇಕು. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ನಮ್ಮ ಬೇಸಿಗೆ ಹೇಗಿರುತ್ತದೆ ಗೊತ್ತೇ ಇದೆ, ಮೇ ತಿಂಗಳಲ್ಲಿ 42, 43 ಡಿಗ್ರಿ. ಆ ಹೊತ್ತಿನಲ್ಲಿ ದಣಿದ ಮೀನನ್ನು ಬಿಟ್ಟರೂ ಅದು ಉಳಿಯುವ ಭರವಸೆ ಇಲ್ಲ. ಹಾಗಾಗಿ ಪಂದ್ಯ ಏನಿದ್ದರೂ ನವೆಂಬರಿನಿಂದ ಫೆಬ್ರವರಿಯೊಳಗೆ, ಬೆಳಗಿನ ಹೊತ್ತು.

ಮಳೆಗಾಲ ಬೇಡವೇ ಬೇಡ. ಆಗ ಕೊರಮೀನು ಮರಿ ಮಾಡುವ ಸಮಯ. ಕೆಂಪು ಬಣ್ಣದ ಮರಿಗಳು ಗುಂಪಾಗಿ ನೀರ ಮೇಲೆ ಕುದಿಯುವ ಹಾಗೆ ಕಾಣುತ್ತವೆ. ಕೆಳಗೆ ತಂದೆ ತಾಯಿ ಕಾವಲಿರುತ್ತವೆ. ಆ ಗುಂಪಿನ ಮೇಲೆ ಗಾಳ ಎಸೆದರೆ ಮೀನು ಬಿದ್ದೇ ಬೀಳುತ್ತದೆ, ಹೊಟ್ಟೆ ಹಸಿದು ಅಲ್ಲ, ಮರಿ ಕಾಯಲು. ಅದನ್ನು ಎಳೆದುಕೊಂಡರೆ ಮರಿಗಳೂ ಉಳಿಯುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ನಮಗೆ ದುಬಾರಿ ದೋಣಿ ಬೇಕಿಲ್ಲ. ದಂಡೆಯ ಮೇಲೆ ನಿಂತು ಆಡುವ ಪಂದ್ಯ ಸಾಕು. ತೂಕದ ಬದಲು ಉದ್ದ ಅಳೆಯುವ ಕ್ರಮ ಅಮೆರಿಕದಲ್ಲೂ ಇದೆ, ಸಣ್ಣ ಕಯಾಕ್ ದೋಣಿಯವರು ಹಾಗೇ ಆಡುತ್ತಾರೆ. ಅಳತೆಯ ಹಲಗೆಯ ಮೇಲೆ ಮೀನು ಇಟ್ಟು, ಮೂತಿ ಅಡ್ಡಪಟ್ಟಿಗೆ ತಾಗಿಸಿ, ಬಾಯಿ ಮುಚ್ಚಿ, ಮೊಬೈಲಿನಲ್ಲಿ ಫೋಟೊ ತೆಗೆದು ಅಲ್ಲೇ ಬಿಡುವುದು. ದೊಡ್ಡ ಐದರ ಉದ್ದ ಕೂಡಿಸಿದರೆ ಅಂಕ ಸಿಕ್ಕಿತು. ಅವತ್ತು ಬೆಳಗ್ಗೆ ಕೊಟ್ಟ ಗುರುತಿನ ಚೀಟಿ ಫೋಟೊದಲ್ಲಿ ಕಾಣಬೇಕು, ಇಲ್ಲದಿದ್ದರೆ ಹಳೆಯ ಫೋಟೊ ತಂದವರು ಗೆದ್ದುಬಿಡುತ್ತಾರೆ. ಇದು ಅನುಮಾನದ ಮಾತಲ್ಲ. 2022ರಲ್ಲಿ ಅಮೆರಿಕದ ಈರಿ ಸರೋವರದಲ್ಲಿ ಬೇರೊಂದು ಜಾತಿಯ ಮೀನಿನ ಪಂದ್ಯದಲ್ಲಿ ಇಬ್ಬರು ಮೀನಿನ ಹೊಟ್ಟೆಗೆ ಸೀಸದ ಗುಂಡು ತುಂಬಿ ತಂದಿದ್ದರು. ಮೀನು ಸೀಳಿದಾಗ ಸಿಕ್ಕಿಬಿದ್ದರು. ಜೈಲಿಗೂ ಹೋದರು, ದೋಣಿಯೂ ಹೋಯಿತು. ಉದ್ದ ಅಳೆದರೆ ಸೀಸಕ್ಕೆ ಬೆಲೆಯೇ ಇಲ್ಲ, ಅಲ್ವಾ?

ಇನ್ನು ನೀರು ಯಾರದು ಎಂಬ ಪ್ರಶ್ನೆ. ಕೆರೆ ಖಾಲಿ ಕಂಡಿತು ಅಂತ ಗಾಳ ಎಸೆಯುವಂತಿಲ್ಲ. ನಮ್ಮ ಬಹಳ ಕೆರೆಗಳು ಮೀನುಗಾರರ ಸಹಕಾರ ಸಂಘಗಳಿಗೆ ಗುತ್ತಿಗೆಗೆ ಹೋಗಿರುತ್ತವೆ. ಕಬ್ಬಲಿಗರು, ಕೋಲಿ ಸಮಾಜದವರು ತಲೆತಲಾಂತರದಿಂದ ಈ ನೀರು ನಂಬಿ ಬದುಕಿದವರು. ಮರಿ ಬಿಟ್ಟು ಸಾಕಿದವರು ಅವರು. ಅವರ ಒಪ್ಪಿಗೆ ಇಲ್ಲದೆ ಪಂದ್ಯ ಇಟ್ಟರೆ ಅದು ಪಂದ್ಯವಲ್ಲ, ಕಳವು. ಆಳಂದ ಕಡೆಯ ಒಂದು ಕೆರೆಯಲ್ಲಿ ಹಿರಿಯ ಮೀನುಗಾರರೊಬ್ಬರು ನನ್ನನ್ನು ನೋಡುತ್ತ ನಿಂತಿದ್ದರು. ‘ಯಾಕ್ರೀ ಸರ, ಹಿಡಿದ ಮೀನ ಮತ್ತ ನೀರಾಗ ಬಿಡ್ತೀರಿ?’ ಅಂದರು. ‘ಕಾಕಾ, ಇದು ನಿಮ್ಮ ಮೀನು. ನನಗ ಅಳತಿ ಅಷ್ಟೇ ಸಾಕು’ ಅಂದೆ. ಅವರು ಹತ್ತಿರ ಬಂದು ಕೂತರು. ಯಾವ ಮೂಲೆಯಲ್ಲಿ ಯಾವ ತಿಂಗಳು ಮೀನು ನಿಲ್ಲುತ್ತದೆ, ಗಾಳಿ ತಿರುಗಿದರೆ ಎಲ್ಲಿಗೆ ಹೋಗುತ್ತದೆ ಅಂತ ಬಿಡಿಸಿ ಹೇಳಿದರು. ನಮ್ಮ ಪಂದ್ಯಕ್ಕೆ ತೀರ್ಪುಗಾರರು ಬೇಕಾದರೆ ಇಂಥವರನ್ನೇ ಕರೆಯಬೇಕು, ದಿನದ ಕೂಲಿ ಕೊಟ್ಟು. ಪ್ರವೇಶ ಶುಲ್ಕದಲ್ಲಿ ಸಂಘಕ್ಕೂ ಪಾಲಿರಬೇಕು.

ಕೆಲವು ಜಾಗ ಮುಟ್ಟಲೇಬಾರದು. ಚಂದ್ರಂಪಳ್ಳಿ ಜಲಾಶಯ ಚಿಂಚೋಳಿ ವನ್ಯಜೀವಿ ಧಾಮದೊಳಗಿದೆ. ಸುರಪುರದ ಬೋನಾಳ ಕೆರೆ ಹಕ್ಕಿಗಳದ್ದು. ಕೋರಳ್ಳಿಯ ಅಮರ್ಜಾ, ಭಾಲ್ಕಿಯ ಕಾರಂಜ, ನಾರಾಯಣಪುರದ ಬಸವಸಾಗರದಂಥ ಕಡೆ ಮೀನುಗಾರಿಕೆ ಇಲಾಖೆ, ನೀರಾವರಿಯವರು ಇಬ್ಬರನ್ನೂ ಕೇಳಬೇಕು. ಭೀಮಾ ನದಿಯ ಬ್ಯಾರೇಜುಗಳ ಕೆಳಗೆ ನಿಲ್ಲಬೇಡಿ, ಗೇಟು ಎತ್ತಿದರೆ ನೀರು ಕ್ಷಣದಲ್ಲಿ ಏರುತ್ತದೆ.

ಶುರು ಮಾಡುವವರಿಗೆ ಹೆಚ್ಚೇನೂ ಬೇಡ. ಒಂದು ಕೋಲು, ಒಂದು ರೀಲು, ಗಟ್ಟಿ ದಾರ, ಎರಡು ರಬ್ಬರ್ ಕಪ್ಪೆ, ಒಂದು ಇಕ್ಕಳ. ಗಾಳದ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ಆಗ ಮೀನಿನ ಬಾಯಿ ಹರಿಯದೆ ಗಾಳ ಬಿಚ್ಚಿಕೊಳ್ಳುತ್ತದೆ. ಮೀನು ಮುಟ್ಟುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಿ. ಹಲಗೆಯನ್ನೂ ತೊಯ್ಯಿಸಿ. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ಆ ಲೋಳೆಯೇ ಅದಕ್ಕೆ ರೋಗ ತಡೆಯುವ ಕವಚ. ದವಡೆ ಹಿಡಿದು ಮೀನನ್ನು ನೇತಾಡಿಸಬೇಡಿ, ಹೊಟ್ಟೆಯ ಕೆಳಗೆ ಇನ್ನೊಂದು ಕೈ ಕೊಡಿ. ಬಿಡುವಾಗ ಎಸೆಯಬೇಡಿ. ನೀರೊಳಗೆ ಹಿಡಿದುಕೊಂಡಿರಿ, ತಾನಾಗಿ ಬಾಲ ಬೀಸಿ ಹೊರಟಾಗ ಕೈ ಸಡಿಲಿಸಿ. ಈ ಚಳಿಗಾಲದಲ್ಲಿ ನಿಮ್ಮ ಊರಿನ ಮೀನುಗಾರರ ಸಂಘದ ಬಾಗಿಲಿಗೆ ಹೋಗಿ, ಒಂದು ಭಾನುವಾರದ ಬೆಳಗ್ಗೆ ಕೆರೆ ಬಿಟ್ಟುಕೊಡುತ್ತೀರಾ ಅಂತ ಕೇಳಿ ನೋಡಿ. ನಮಸ್ಕಾರ.