ಮೊನಾಡ್ ಇರಲಿ, ಮೊದಲು ಮ್ಯಾಪ್ ಅರ್ಥವಾಗಲಿ

ನಮಸ್ಕಾರ. ಗಣಿತದ ಶಾಖೆಯಾದ ಕ್ಯಾಟಗರಿ ಥಿಯರಿ ಎಂದೊಡನೆ ಪ್ರೋಗ್ರಾಮರುಗಳು ನೇರವಾಗಿ ಅದರ ಒಂದು ಪರಿಕಲ್ಪನೆಯಾದ ಮೊನಾಡ್‌ಗೆ ಕೈಹಾಕುತ್ತಾರೆ; ಒಂದಷ್ಟು ದಿನ ಒದ್ದಾಡಿ, ಇದು ಗಣಿತಜ್ಞರ ಪಾಲಿನದು ಎಂದು ಬಿಟ್ಟುಬಿಡುತ್ತಾರೆ. ತಪ್ಪು ಅವರದಲ್ಲ, ಕಲಿಸುವ ಕ್ರಮದ್ದು ಎಂಬುದು ನನ್ನ ವಾದ. ಮೊದಲು ದಕ್ಕಬೇಕಾದದ್ದು ಫಂಕ್ಟರ್, ಅದರಲ್ಲೂ ಅದರ ಎರಡು ನಿಯಮಗಳು.

1945ರಲ್ಲಿ ಗಣಿತಜ್ಞರಾದ ಸ್ಯಾಮ್ಯುಯೆಲ್ ಐಲೆನ್‌ಬರ್ಗ್ ಮತ್ತು ಸಾಂಡರ್ಸ್ ಮ್ಯಾಕ್ ಲೇನ್ ಪ್ರಕಟಿಸಿದ ಲೇಖನದಿಂದ ಆರಂಭವಾದ ಈ ಶಾಖೆಗೆ ಆಗ ಕಂಪ್ಯೂಟರಿನ ಗೊಡವೆಯೇ ಇರಲಿಲ್ಲ. ಒಂದಷ್ಟು ವಸ್ತುಗಳು, ಅವುಗಳ ನಡುವೆ ಬಾಣಗಳು, ಒಂದರ ತುದಿ ಇನ್ನೊಂದರ ಬುಡಕ್ಕೆ ಕೂಡಿದಲ್ಲಿ ಎರಡನ್ನೂ ಜೋಡಿಸುವ ವಿಧಾನ, ಪ್ರತಿ ವಸ್ತುವಿಗೂ ಏನನ್ನೂ ಬದಲಿಸದ ಒಂದು ಬಾಣ, ಇಷ್ಟಿದ್ದು, ಜೋಡಿಸುವಾಗ ಆವರಣವನ್ನು ಎಲ್ಲಿ ಹಾಕಿದರೂ ಫಲ ಒಂದೇ ಆದರೆ ಅದು ಕ್ಯಾಟಗರಿ. ಟೈಪ್‌ಗಳನ್ನು ವಸ್ತುಗಳೆಂದೂ ಫಂಕ್ಷನ್‌ಗಳನ್ನು ಬಾಣಗಳೆಂದೂ ಓದಿಕೊಂಡರೆ ನಾವು ದಿನವೂ ಬರೆಯುವ ಕೋಡೇ ಎದುರು ನಿಲ್ಲುತ್ತದೆ. ಎಂದೂ ಮುಗಿಯದ ಲೂಪುಗಳು ಈ ಚಿತ್ರವನ್ನು ಸ್ವಲ್ಪ ಕೆಡಿಸುತ್ತವೆ. ಆ ತಕರಾರು ಸದ್ಯಕ್ಕೆ ಬದಿಗಿರಲಿ.

ಫಂಕ್ಟರ್ ಎಂದರೆ ವಸ್ತುಗಳನ್ನೂ ಬಾಣಗಳನ್ನೂ ಜೋಡಣೆ ಕೆಡದಂತೆ ಸಾಗಿಸುವ ವ್ಯವಸ್ಥೆ. ಲಿಸ್ಟ್‌ನ ಪ್ರತಿ ಅಂಶಕ್ಕೂ ಒಂದು ಫಂಕ್ಷನ್ ಅನ್ವಯಿಸಿ ಹೊಸ ಲಿಸ್ಟ್ ಕೊಡುವ ಮ್ಯಾಪ್ ಮಾಡುವುದು ಇದನ್ನೇ. ಏನನ್ನೂ ಬದಲಿಸದ ಫಂಕ್ಷನ್ ಕೊಟ್ಟರೆ ಲಿಸ್ಟ್ ಇದ್ದಂತೆಯೇ ಇರಬೇಕು. ಎರಡು ಫಂಕ್ಷನ್‌ಗಳನ್ನು ಒಂದಾದ ಮೇಲೊಂದು ಮ್ಯಾಪ್ ಮಾಡಿದರೂ, ಮೊದಲೇ ಜೋಡಿಸಿ ಒಂದೇ ಸಲ ಮ್ಯಾಪ್ ಮಾಡಿದರೂ ಉತ್ತರ ಬದಲಾಗಬಾರದು.

ಈ ಎರಡನೆಯ ನಿಯಮ ಎಲ್ಲೆಡೆ ತಾನಾಗಿಯೇ ನಿಲ್ಲುತ್ತದೆಂದು ನಂಬಬೇಡಿ. 2014ರಲ್ಲಿ ಜಾವಾ 8ರೊಂದಿಗೆ ಬಂದ, ಒಂದು ಮೌಲ್ಯವನ್ನು ಹೊತ್ತಿರುವ ಇಲ್ಲವೇ ಬರಿದಾಗಿರುವ ಡಬ್ಬಿಯಂಥ ಆಪ್ಷನಲ್ ಅನ್ನೇ ನೋಡಿ. ಮೊದಲ ಫಂಕ್ಷನ್ ಹೆಸರನ್ನು ಹುಡುಕಿ, ಸಿಗದಿದ್ದರೆ ನಲ್ (ಮೌಲ್ಯವಿಲ್ಲ ಎಂಬ ಗುರುತು) ಕೊಡುತ್ತದೆ. ಎರಡನೆಯದು ನಲ್ ಬಂದರೆ ‘ಅನಾಮಧೇಯ’ ಎಂಬ ಪದವನ್ನು ಕೊಡುತ್ತದೆ ಎಂದಿಟ್ಟುಕೊಳ್ಳಿ. ಎರಡನ್ನೂ ಜೋಡಿಸಿ ಒಮ್ಮೆ ಮ್ಯಾಪ್ ಮಾಡಿದರೆ ‘ಅನಾಮಧೇಯ’ ಸಿಗುತ್ತದೆ. ಬಿಡಿಸಿ ಎರಡು ಮ್ಯಾಪ್ ಮಾಡಿದರೆ, ನಲ್ ಬಂದ ಕ್ಷಣವೇ ಆಪ್ಷನಲ್ ಬರಿದಾಗಿ, ಎರಡನೆಯ ಫಂಕ್ಷನ್‌ನ ಸರದಿಯೇ ಬರುವುದಿಲ್ಲ. ಓದಲು ಸುಲಭವಾಗಲೆಂದು ಉದ್ದನೆಯ ಲ್ಯಾಮ್ಡಾವನ್ನು (ಹೆಸರಿಲ್ಲದ ಫಂಕ್ಷನ್) ಎರಡಾಗಿ ಒಡೆದವರು ಕಂಪೈಲರ್ ತುಟಿ ಬಿಚ್ಚದ ಒಂದು ದೋಷವನ್ನು ಒಳಗೆ ಬಿಟ್ಟುಕೊಂಡಿರುತ್ತಾರೆ. ಫಂಕ್ಟರ್ ನಿಯಮ ಬಲ್ಲವರಿಗೆ ಎಲ್ಲಿ ಅನುಮಾನ ಪಡಬೇಕೆಂಬುದಾದರೂ ಗೊತ್ತಿರುತ್ತದೆ.

1991ರ ಪ್ರಬಂಧದಲ್ಲಿ ಕಂಪ್ಯೂಟರ್ ವಿಜ್ಞಾನಿ ಯುಜೀನಿಯೊ ಮೊಗ್ಗಿ ವಿವರಿಸಿದ ಮೊನಾಡ್ ಕೂಡ, ಮೌಲ್ಯವನ್ನು ಒಳಗಿಡುವ ಮತ್ತು ಎರಡು ಪದರಗಳನ್ನು ಒಂದಾಗಿಸುವ ಸೌಲಭ್ಯಗಳನ್ನು ಸೇರಿಸಿಕೊಂಡ ಫಂಕ್ಟರೇ. ಆ ಸೌಲಭ್ಯಗಳಿಗೂ ಅವುಗಳದೇ ನಿಯಮಗಳಿವೆ. ಆದ್ದರಿಂದ ಅದಕ್ಕೆ ಆತುರ ಬೇಡ. ಮುಂದಿನ ಸಲ ನಿಮ್ಮದೇ ಟೈಪ್‌ಗೆ ಮ್ಯಾಪ್ ಬರೆದಾಗ, ಈ ಎರಡು ನಿಯಮಗಳಿಗೆ ಎರಡು ಟೆಸ್ಟ್ ಬರೆಯಿರಿ. ಅದರಲ್ಲಿ ಬಳಸುವ ಫಂಕ್ಷನ್‌ಗಳಲ್ಲಿ ಒಂದಾದರೂ ನಲ್ ಹಿಂತಿರುಗಿಸುವಂತಿರಲಿ.