ಸ್ಟಡ್ ತುಂಡಾದ ಮೇಲಿನ ಹತ್ತು ನಿಮಿಷ

ಎಲ್ಲರಿಗೂ ನಮಸ್ಕಾರ.

ಮಳೆಗಾಲ ಮುಗಿಯುತ್ತಾ ಬಂತೆಂದರೆ ನಮ್ಮ ಕರಾವಳಿಯ ಗ್ಯಾರೇಜುಗಳಲ್ಲಿ ಒಂದು ಸದ್ದು ಕೇಳಿಸುತ್ತದೆ, ‘ಟಕ್’ ಅಂತ. ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಬೈಗುಳ. ಸ್ಪ್ಲೆಂಡರಿನ ಸೈಲೆನ್ಸರ್ ಬಿಚ್ಚಲು ಹೋದ ಹುಡುಗನ ಕೈಯಲ್ಲಿ ಹತ್ತರ ಸ್ಪ್ಯಾನರ್, ಸ್ಪ್ಯಾನರಿನೊಳಗೆ ನಟ್ಟು, ನಟ್ಟಿನೊಳಗೆ ಅರ್ಧ ಸ್ಟಡ್, ಅಂದರೆ ಸೈಲೆನ್ಸರನ್ನು ಎಂಜಿನ್ನಿಗೆ ಹಿಡಿದಿಡುವ ತಲೆಯಿಲ್ಲದ ಬೋಲ್ಟು. ಉಳಿದರ್ಧ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನಲ್ಲೇ ಕೂತಿರುತ್ತದೆ.

ಸ್ಟಡ್ ತುಂಡಾಗಿದ್ದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ. ನಾನು ಮುರಿದದ್ದಕ್ಕೇ ಲೆಕ್ಕವಿಲ್ಲ. ಹೆಡ್ ಹಾಳಾಗುವುದು ಆಮೇಲಿನ ಹತ್ತು ನಿಮಿಷದಲ್ಲಿ, ಗಿರಾಕಿ ಬರುವುದರೊಳಗೆ ಹೇಗಾದರೂ ಕಿತ್ತುಬಿಡಬೇಕೆಂಬ ಅವಸರದಲ್ಲಿ.

ಅದು ಯಾಕೆ ಹಾಗೆ ಹಿಡಿದಿರುತ್ತದೆ? ಹೆಡ್ ಅಲ್ಯೂಮಿನಿಯಂ, ಸ್ಟಡ್ ಉಕ್ಕು. ಎರಡರ ನಡುವೆ ಉಪ್ಪುನೀರು ಸೇರಿದರೆ ಅದೊಂದು ಪುಟ್ಟ ಬ್ಯಾಟರಿ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಸವೆದದ್ದು ಬಿಳಿ ಪುಡಿಯಾಗಿ ಉಬ್ಬಿ, ತ್ರೆಡ್ಡಿನ, ಅಂದರೆ ಸ್ಕ್ರೂ ಸುತ್ತುಗಳ, ಸಂದಿಯಲ್ಲಿ ಸಿಮೆಂಟಿನ ಹಾಗೆ ಕಚ್ಚಿಕೊಳ್ಳುತ್ತದೆ. ಹೊರಗಡೆ ನಟ್ಟಿಗೆ ಮುಂದಿನ ಚಕ್ರ ಎರಚುವ ಕೆಸರು, ಮೇಲೆ ಸೈಲೆನ್ಸರಿನ ಕಾವು. ನಟ್ಟು ಬಿಚ್ಚುವಾಗ ಸ್ಪ್ಯಾನರ್ ರಬ್ಬರಿನಂತೆ ಬಳುಕಿತು ಅನ್ನಿಸಿದರೆ ತಿರುಗುತ್ತಿರುವುದು ನಟ್ಟಲ್ಲ, ತಿರುಚಿಕೊಳ್ಳುತ್ತಿರುವ ಸ್ಟಡ್. ಅಲ್ಲೇ ಕೈ ನಿಲ್ಲಿಸಿ. ಸ್ವಲ್ಪ ಬಿಗಿ ಮಾಡಿ, ಮತ್ತೆ ಸಡಿಲಿಸಿ, ಹಿಂದೆ ಮುಂದೆ ಆಡಿಸಿ.

ತುಂಡಾಯಿತು ಅಂತಿಟ್ಟುಕೊಳ್ಳಿ. ಅರ್ಧ ಇಂಚಾದರೂ ಹೊರಗೆ ಉಳಿದಿದ್ದರೆ ನಿಮ್ಮ ಪುಣ್ಯ. ಎರಡು ನಟ್ಟು ಹಾಕಿ, ಒಂದಕ್ಕೊಂದು ಬಿಗಿದು, ಒಳಗಿನದನ್ನು ತಿರುಗಿಸಿ. ಅದಕ್ಕೂ ಮೊದಲು ಕಾವು ಕೊಡಿ. ಅಲ್ಯೂಮಿನಿಯಂ ಬಿಸಿಗೆ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. 6 ಮಿಲಿಮೀಟರಿನ ತೂತಿಗೆ 150 ಡಿಗ್ರಿ ಕಾವು ಏರಿಸಿದರೆ ಸಿಗುವ ಸಡಿಲ ಸುಮಾರು 0.01 ಮಿಲಿಮೀಟರ್. ಇಷ್ಟೇನಾ ಅನ್ನಬೇಡಿ, ಆ ಬಿಳಿ ಸಿಮೆಂಟು ಬಿರುಕು ಬಿಡಲು ಅಷ್ಟು ಸಾಕು. ನೀರುದೋಸೆಯ ಕಾವಲಿಯಷ್ಟು ಕಾದರಾಯಿತು, ಕೆಂಪಗಾಗಬಾರದು. ಕಾದ ಸ್ಟಡ್ಡಿನ ಬುಡಕ್ಕೆ ಮೇಣದ ಬತ್ತಿ ತಾಗಿಸಿ, ಮೇಣ ಕರಗಿ ತಾನೇ ತ್ರೆಡ್ಡಿನೊಳಗೆ ಇಳಿಯುತ್ತದೆ. ಪೆಟ್ರೋಲ್ ಟ್ಯಾಂಕ್ ಇಳಿಸದೆ ಬೆಂಕಿ ಹಚ್ಚುವವರಿಗೆ ನನ್ನ ಗ್ಯಾರೇಜಿನಲ್ಲಿ ಜಾಗವಿಲ್ಲ.

ಹೆಡ್ಡಿನ ಸಮಕ್ಕೇ ಮುರಿದಿದ್ದರೆ ನನ್ನ ಮೊದಲ ಆಯ್ಕೆ ವೆಲ್ಡಿಂಗ್. ಸ್ಟಡ್ಡಿನ ಮೇಲೆ ಒಂದು ನಟ್ಟು ಇಟ್ಟು, ಅದರ ತೂತಿನೊಳಗಿಂದ ಬೆಸೆಯುವುದು. ಉಕ್ಕಿನ ವೆಲ್ಡಿಂಗ್ ಅಲ್ಯೂಮಿನಿಯಮ್ಮಿಗೆ ಅಂಟುವುದಿಲ್ಲ, ಸ್ಟಡ್ಡಿಗೆ ಮಾತ್ರ ಅಂಟುತ್ತದೆ. ಕಾವು ಕೂಡ ಬೇಕಾದ ಜಾಗಕ್ಕೇ ಬೀಳುತ್ತದೆ. ಬ್ಯಾಟರಿ ವೈರ್ ಬಿಚ್ಚಿರಬೇಕು. ಮೂರು ಸಲ ನಟ್ಟು ಕಿತ್ತುಬಂದರೆ ನಾಲ್ಕನೆಯ ಸಲ ಬೆಸೆಯಿರಿ. ನಾಚಿಕೆಪಡುವುದೇನಿಲ್ಲ.

ಡ್ರಿಲ್ ಹಿಡಿಯುವುದು ಕೊನೆಗೆ. ಮೊದಲು ಮುಂದಿನ ಚಕ್ರ ಬಿಚ್ಚಿ, ಇಲ್ಲವೇ ಹೆಡ್ಡನ್ನೇ ಇಳಿಸಿ. ಮಡ್‌ಗಾರ್ಡಿನ ಸಂದಿಯಲ್ಲಿ ಓರೆಯಾಗಿ ಹಿಡಿದ ಡ್ರಿಲ್ ಓರೆಯಾಗಿಯೇ ಹೋಗುತ್ತದೆ. ಮುರಿದ ಸ್ಟಡ್ಡಿನ ತುದಿಯನ್ನು ಅರದಿಂದ ಸಮ ಮಾಡಿ, ನಟ್ಟನಡುವೆ ಪಂಚಿನಿಂದ ಚುಕ್ಕೆ ಹಾಕಿ. ಈ ಚುಕ್ಕೆಯಲ್ಲೇ ಎಲ್ಲ ಇರುವುದು. ಅರ್ಧ ಮಿಲಿಮೀಟರ್ ಸರಿದರೂ ಡ್ರಿಲ್ಲಿನ ಬಿಟ್ಟು ಗಟ್ಟಿ ಉಕ್ಕಿನಿಂದ ಮೆತ್ತಗಿನ ಅಲ್ಯೂಮಿನಿಯಂ ಕಡೆಗೆ ಜಾರುತ್ತದೆ. ಚುಕ್ಕೆ ನಡುವೆಯೇ ಬಿದ್ದಿದ್ದರೆ 2.5, ಆಮೇಲೆ 4, ಕೊನೆಗೆ 5 ಮಿಲಿಮೀಟರಿನ ಬಿಟ್ಟು. ಉಳಿದ ಉಕ್ಕಿನ ತ್ರೆಡ್ ಸ್ಪ್ರಿಂಗಿನ ಹಾಗೆ ಸುರುಳಿಯಾಗಿ ಹೊರಗೆ ಬರುವುದನ್ನು ನೋಡುವುದು, ಸುಳ್ಳು ಯಾಕೆ ಹೇಳಲಿ, ಈಗಲೂ ನನಗೆ ಹಬ್ಬ.

ಈಸಿ ಔಟ್, ಅಂದರೆ ಮುರಿದ ಸ್ಟಡ್ಡಿಗೆ ತೂತು ಕೊರೆದು ಒಳಗೆ ತಿರುಪಿ ಹೊರಗೆಳೆಯುವ ಉಲ್ಟಾ ತ್ರೆಡ್ಡಿನ ಕಡ್ಡಿ, ಅದರ ಬಗ್ಗೆ ಕೇಳುತ್ತೀರಿ, ಗೊತ್ತು. ಹೆಸರಿನಲ್ಲಷ್ಟೇ ಈಸಿ. ಆರು ಮಿಲಿಮೀಟರಿನ ಗಟ್ಟಿ ಸ್ಟಡ್ಡನ್ನೇ ಮುರಿದ ಹಿಡಿತವನ್ನು ಅದಕ್ಕಿಂತ ಸಣ್ಣ ಕಡ್ಡಿ ಬಿಡಿಸುತ್ತದೆಯೇ? ನಾನೂ ಒಮ್ಮೆ ನಂಬಿದ್ದೆ. ಅದು ಒಳಗೇ ಮುರಿಯಿತು. ಈಸಿ ಔಟ್ ಎಷ್ಟು ಗಡಸು ಎಂದರೆ ಸಾಮಾನ್ಯ ಬಿಟ್ಟು ಅದರ ಮೇಲೆ ಗೀರು ಕೂಡ ಎಳೆಯುವುದಿಲ್ಲ. ಕೊನೆಗೆ ಹೆಡ್ಡನ್ನು ಬಸ್ಸಿನ ಪಾರ್ಸೆಲ್ಲಿನಲ್ಲಿ ಬೆಂಗಳೂರಿನ ಪೀಣ್ಯಕ್ಕೆ ಕಳಿಸಿದೆ. ಅಲ್ಲಿ ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವ ಯಂತ್ರಗಳಿವೆ. 1943ರಲ್ಲಿ ಸೋವಿಯತ್ ರಷ್ಯಾದ ಲಝರೆಂಕೊ ದಂಪತಿ, ಸ್ವಿಚ್ಚುಗಳ ಕಾಂಟ್ಯಾಕ್ಟುಗಳು ಕಿಡಿಯಿಂದ ಸವೆಯುವುದನ್ನು ತಡೆಯಲು ಹೊರಟವರು, ಅದೇ ಸವೆತವನ್ನು ಕೆಲಸಕ್ಕೆ ಹಚ್ಚಿದರು. ನನ್ನ ಈಸಿ ಔಟ್ ಪುಡಿಯಾಯಿತು. ಬಿಲ್ಲು ನನ್ನ ಜೇಬಿನಿಂದ ಹೋಯಿತು, ಗಿರಾಕಿಗೆ ಹೇಳಲಿಲ್ಲ.

ತೂತು ಕೆಟ್ಟಿದ್ದರೆ ಎಂಟರ ಸ್ಟಡ್ ತುರುಕಬೇಡಿ, ಸೈಲೆನ್ಸರಿನ ಫ್ಲ್ಯಾಂಜ್ (ಸ್ಟಡ್ ತೂರುವ ಅಂಚುಪಟ್ಟಿ) ಕೂರುವುದಿಲ್ಲ. ಹೆಲಿಕಾಯಿಲ್ ಹಾಕಿಸಿ, ಅದು ಸ್ಟೇನ್‌ಲೆಸ್ ತಂತಿಯ ಸುರುಳಿ, ಮೊದಲಿನ ಅಳತೆಯ ತ್ರೆಡ್ ವಾಪಸ್ ಸಿಗುತ್ತದೆ. ಹೊಸ ಸ್ಟಡ್ಡಿಗೆ ಕಾವು ತಾಳುವ ಆ್ಯಂಟಿ ಸೀಜ್ ಪೇಸ್ಟ್ ಸವರಿ, ತ್ರೆಡ್ ಕಚ್ಚಿಕೊಳ್ಳದಿರಲು. ಸಾಮಾನ್ಯ ಗ್ರೀಸ್ ಅಲ್ಲಿ ಸುಟ್ಟು ಕರಿಯಾಗುತ್ತದೆ.

ಈ ಮೇಜಿನ ಮೇಲೆ ಆರು ಗುಜರಿ ಹೆಡ್ಡುಗಳಿವೆ, ಎಲ್ಲವನ್ನೂ ನಾನೇ ಬೇಕೆಂದು ಮುರಿದಿದ್ದೇನೆ. ಒಬ್ಬೊಬ್ಬರಾಗಿ ಬಂದು ಚುಕ್ಕೆ ಹಾಕಿ. ಡ್ರಿಲ್ಲನ್ನು ಊಟ ಆದಮೇಲೆ ಕೊಡುತ್ತೇನೆ.